ಕೆರೆಯ ಹೂಳು ತೆಗೆಯುವ ಕಾಲ



ನಮ್ಮ ಬೆಂಗಳೂರಿನ ಸುತ್ತಮುತ್ತ ‘ಸಂದ್ರ’ ಎಂದು ಕೊನೆಗೊಳ್ಳುವ ಊರುಗಳು ಹಲವು. ತಣಿಸಂದ್ರ, ಅಳ್ಳಾಳಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರ. ಸಂದ್ರ ಎಂದರೆ ಸಮುದ್ರ. ಕಡಲಿಲ್ಲದ ಈ ಬಯಲುಸೀಮೆಯಲ್ಲಿ ನಮ್ಮ ಹಿರಿಯರು ದೊಡ್ಡ ಕೆರೆಯನ್ನೇ ಸಮುದ್ರವೆಂದು ಕರೆದರು. ಜಕ್ಕೂರಿನ ಕೆರೆ ತುಂಬಿದರೆ ಕೋಡಿಯ ನೀರು ರಾಚೇನಹಳ್ಳಿಯ ಕೆರೆಗೆ ಹರಿಯುವಂತೆ ಒಂದಕ್ಕೊಂದು ಕೊಂಡಿ ಹಾಕಿ ಕಟ್ಟಿದರು. ಒಂದು ಕೆರೆ ತನಗಾಗಿ ಮಾತ್ರ ತುಂಬುತ್ತಿರಲಿಲ್ಲ.

ಕೆರೆಗೆ ದೊಡ್ಡ ಶತ್ರು ಹೂಳು. ಮಳೆನೀರಿನ ಜೊತೆಯಲ್ಲೇ ಮಣ್ಣು ಬರುತ್ತದೆ, ಸದ್ದಿಲ್ಲದೆ ತಳದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ಏರಿಯ ಮೇಲೆ ನಿಂತು ನೋಡಿದವನಿಗೆ ಕೆರೆ ತುಂಬಿದಂತೆಯೇ ಕಾಣುತ್ತದೆ. ನಿಜಸ್ಥಿತಿ ತಿಳಿಯುವುದು ಬೇಸಿಗೆಯಲ್ಲಿ, ತೂಬು ತೆರೆದಾಗ ಗದ್ದೆಗೆ ನೀರು ಬಾರದೇ ಹೋದಾಗ. ಅದಕ್ಕೇ ನೀರು ಇಳಿದ ಕಾಲದಲ್ಲಿ ರೈತರು ಕೆರೆಗಿಳಿದು ಹೂಳು ತೆಗೆಯುತ್ತಿದ್ದರು. ತೆಗೆದ ಗೋಡನ್ನು ಬಿಸಾಡದೆ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆಯನ್ನು ಕೆಡಿಸಿದ ಮಣ್ಣೇ ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಧರ್ಮಸಭೆಯ ನವೀಕರಣದ ಬಗ್ಗೆ ಯೋಚಿಸುವಾಗ ಈ ಕೆಲಸವನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು. ನವೀಕರಣವೆಂದರೆ ಹಳೆಯ ಕೆರೆಯನ್ನು ಮುಚ್ಚಿ ಹೊಸದನ್ನು ತೋಡುವುದಲ್ಲ. ಏರಿಗೆ ಸುಣ್ಣ ಬಳಿದು ದೀಪಾಲಂಕಾರ ಮಾಡುವುದೂ ಅಲ್ಲ. ನೀರು ದೇವರದು, ಮಳೆ ಸುರಿಸುವವರು ಪವಿತ್ರಾತ್ಮರು. ಆ ನೀರು ನಿಲ್ಲಲು, ನಿಂತದ್ದು ಹರಿಯಲು ಜಾಗ ಮಾಡಿಕೊಡುವುದು ನಮ್ಮ ಪಾಲಿನ ಕೆಲಸ.

ಯೆರೆಮೀಯ ಪ್ರವಾದಿಯ ಬಾಯಲ್ಲಿ ದೇವರು ತಮ್ಮ ಜನರ ಮೇಲೆ ಹೊರಿಸಿದ ದೂರು ನೆನಪಿದೆಯೇ? ಜನರು ಜೀವಜಲದ ಬುಗ್ಗೆಯಾದ ದೇವರನ್ನು ತೊರೆದರು. ಅದು ಸಾಲದೆಂಬಂತೆ ನೀರು ನಿಲ್ಲದ ಬಿರುಕುತೊಟ್ಟಿಗಳನ್ನು ತಾವೇ ತೋಡಿಕೊಂಡರು. ಆ ಜನರು ಧರ್ಮವನ್ನು ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಿ. ಜೆರುಸಲೇಮಿನ ದೇವಾಲಯದಲ್ಲಿ ಬಲಿಗಳು ನಡೆಯುತ್ತಿದ್ದವು, ಹಬ್ಬಗಳು ನಡೆಯುತ್ತಿದ್ದವು. ಬುಗ್ಗೆಯೊಂದಿಗಿನ ಸಂಬಂಧ ಮಾತ್ರ ಕಡಿದುಹೋಗಿತ್ತು.

ನಮ್ಮ ಧರ್ಮಕೇಂದ್ರಗಳ ತಳದಲ್ಲಿ ಕೂತಿರುವ ಹೂಳು ಯಾವುದು? ಮೂರನ್ನು ಹೇಳುತ್ತೇನೆ.

ಮೊದಲನೆಯದು ರೂಢಿ. ಭಾನುವಾರದ ಪೂಜೆ ಒಂದು ಹಾಜರಿಯಾಗಿದೆ. ಪ್ರಬೋಧನೆ ಮುಗಿಯುವವರೆಗೆ ಹೊರಗೆ ಬೈಕಿನ ಮೇಲೆ ಕುಳಿತು, ಪರಮಪ್ರಸಾದ ಸ್ವೀಕರಿಸಿದ ಕೂಡಲೇ ಗೇಟು ದಾಟುವವರಿದ್ದಾರೆ. ಮಗುವಿನ ದೀಕ್ಷಾಸ್ನಾನಕ್ಕೆ ಊಟದ ಹಾಲನ್ನು ತಿಂಗಳುಗಳ ಮೊದಲೇ ಗೊತ್ತುಮಾಡುತ್ತೇವೆ. ಜ್ಞಾನತಂದೆ ಜ್ಞಾನತಾಯಿಯಾಗಿ ಯಾರನ್ನು ಆರಿಸಬೇಕೆಂದು ಹಿಂದಿನ ರಾತ್ರಿ ಯೋಚಿಸುತ್ತೇವೆ. ಸಂಸ್ಕಾರದಲ್ಲಿ ಕೃಪೆ ಇದ್ದೇ ಇದೆ. ಅದನ್ನು ಬರಮಾಡಿಕೊಳ್ಳುವ ಹೃದಯದಲ್ಲಿ ಸ್ಥಳವಿಲ್ಲ.

ಎರಡನೆಯದು ಭೇದ. ಇದನ್ನು ಹೇಳುವಾಗ ಧ್ವನಿ ತಗ್ಗಿಸುವ ಅಭ್ಯಾಸ ನಮ್ಮಲ್ಲಿದೆ, ತಗ್ಗಿಸಬಾರದು. ಜಾತಿಯ ಭೇದ ದೇವಾಲಯದ ಬಾಗಿಲಲ್ಲಿ ನಿಂತುಹೋಗಲಿಲ್ಲ, ಒಳಗೂ ಬಂತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರಲ್ಲಿ ದಲಿತರ ಸಬಲೀಕರಣದ ಕುರಿತು ಹೊರತಂದ ನೀತಿಪತ್ರದಲ್ಲಿ, ಧರ್ಮಸಭೆಯೊಳಗೆ ಜಾತಿತಾರತಮ್ಯ ಇರುವುದನ್ನು ಮುಚ್ಚಿಡದೆ ಒಪ್ಪಿಕೊಂಡಿತು. ಒಂದೇ ಪಾತ್ರೆಯಿಂದ ಪರಮಪ್ರಸಾದ ಸ್ವೀಕರಿಸಿದವರು ಮದುವೆ ಸಂಬಂಧದ ಮಾತು ಬಂದಾಗ ‘ಅವರು ಯಾವ ಜನ?’ ಎಂದು ವಿಚಾರಿಸುವುದಾದರೆ, ಬಲಿಪೀಠದ ಮುಂದೆ ನಾವು ಹೇಳಿದ ‘ಆಮೆನ್’ಗೆ ಏನು ಬೆಲೆ?

ಬೆಂಗಳೂರಿನಲ್ಲಿ ಇದರ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ತಣಿಸಂದ್ರದಂಥ ಊರು ಒಂದು ತಲೆಮಾರಿನೊಳಗೆ ಹಳ್ಳಿಯಿಂದ ನಗರವಾಯಿತು. ರಾಗಿ ಬೆಳೆದ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಕನಕಪುರದ ಕಡೆಯ ಕನ್ನಡದ ಕ್ರೈಸ್ತರು, ಮಂಗಳೂರಿನ ಕೊಂಕಣಿಗರು, ತಮಿಳರು, ಮಲಯಾಳಿಗಳು, ಈಶಾನ್ಯ ರಾಜ್ಯಗಳಿಂದ ದುಡಿಯಲು ಬಂದ ಯುವಕ ಯುವತಿಯರು ಈಗ ನೆರೆಹೊರೆಯವರು. ಈ ನೆಲದ ನುಡಿಗೆ ದೇವಾಲಯದಲ್ಲಿ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಬಂದವರು ಅದನ್ನು ಪ್ರೀತಿಯಿಂದ ಕಲಿಯಬೇಕು. ಹಾಗೆಯೇ ಮನೆಬಿಟ್ಟು ಬಂದವನಿಗೆ ತಾಯಿನುಡಿಯಲ್ಲಿ ಪ್ರಾರ್ಥಿಸುವ ಹಂಬಲ ಇರುತ್ತದೆಂದು ಸ್ಥಳೀಯರೂ ಅರಿಯಬೇಕು. ಪೆಂತೆಕೊಸ್ತ್ ಹಬ್ಬದಂದು ಪವಿತ್ರಾತ್ಮರು ಭಾಷೆಗಳನ್ನು ಅಳಿಸಿಹಾಕಲಿಲ್ಲ. ಪ್ರತಿಯೊಬ್ಬರಿಗೂ ಅವರವರ ನುಡಿಯಲ್ಲೇ ಶುಭಸಂದೇಶ ಕೇಳಿಸಿತು. ಅಂದು ಜನರನ್ನು ಒಂದುಗೂಡಿಸಿದ ಭಾಷೆಯನ್ನು ಇಂದು ಗಡಿಕಲ್ಲಾಗಿ ನೆಡುವುದು ಪವಿತ್ರಾತ್ಮರ ಕೆಲಸವಲ್ಲ.

ಮೂರನೆಯದು ಅಧಿಕಾರದ ಮೋಹ. ಈ ಪರೀಕ್ಷೆ ಗುರುಗಳಾದ ನಮ್ಮಿಂದಲೇ ಆರಂಭವಾಗಬೇಕು. ಕಾಲು ತೊಳೆದ ಪ್ರಭುವಿನ ಸೇವಕರು ದೊರೆಗಳಂತೆ ನಡೆದುಕೊಂಡರೆ ಜನ ಏನನ್ನು ನಂಬಬೇಕು? ಪಾಲನಾ ಸಮಿತಿಗಳಿಗೂ ಇದೇ ಪ್ರಶ್ನೆ. ಹಬ್ಬದ ತೇರಿನ ಮುಂದೆ ಯಾರು ನಡೆಯಬೇಕೆಂದು ನಡೆಯುವ ಚರ್ಚೆಯಷ್ಟು ದೀರ್ಘವಾಗಿ, ಧರ್ಮಕೇಂದ್ರದ ಯಾವ ಮನೆಯಲ್ಲಿ ಒಲೆ ಉರಿದಿಲ್ಲವೆಂಬ ಚರ್ಚೆ ನಡೆಯುತ್ತದೆಯೇ?

ಬದಲಾವಣೆ ಎಂದೊಡನೆ ಕೆಲವರಿಗೆ ಭಯ. ‘ಹಿಂದಿನದೇ ಚೆನ್ನಾಗಿತ್ತು ಸ್ವಾಮಿ’ ಎನ್ನುತ್ತಾರೆ. ಆ ಭಯವನ್ನು ಹಗುರವಾಗಿ ಕಾಣಬಾರದು; ಅದರ ಹಿಂದೆ ವಿಶ್ವಾಸವನ್ನು ಕಾಪಾಡುವ ಕಾಳಜಿ ಇರುತ್ತದೆ. ಆದರೆ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸಿ ನೋಡಬೇಕು. 5ನೇ ಶತಮಾನದ ಲೆರಿನ್ಸಿನ ಸಂತ ವಿನ್ಸೆಂಟರು ಇದಕ್ಕೆ ಮಗುವಿನ ಹೋಲಿಕೆ ಕೊಟ್ಟರು. ಮಗು ಬೆಳೆದು ದೊಡ್ಡವನಾಗುತ್ತಾನೆ, ಅಂಗಾಂಗಗಳು ಬಲಿಯುತ್ತವೆ. ಆದರೂ ಅವನು ಅವನೇ. ಅದು ಬೆಳವಣಿಗೆ. ಒಂದು ವಸ್ತು ತನ್ನ ಸ್ವಭಾವವನ್ನೇ ಕಳೆದುಕೊಂಡು ಬೇರೆಯದಾದರೆ ಅದು ರೂಪಾಂತರ. ವಿಶ್ವಾಸಸಾರ, ಸಂಸ್ಕಾರಗಳು, ಕ್ರಿಸ್ತರ ಶಿಲುಬೆ ಮತ್ತು ಪುನರುತ್ಥಾನ ಬದಲಾಗುವಂಥವಲ್ಲ. ಅವುಗಳನ್ನು ಆಯಾ ಕಾಲದ ಜನರ ಬದುಕಿಗೆ ಮುಟ್ಟಿಸುವ ರೀತಿ ಬದಲಾಗದಿದ್ದರೆ ಅವು ಮುಟ್ಟುವುದೇ ಇಲ್ಲ.

ಇದಕ್ಕೆ ಬೆಂಗಳೂರೇ ಸಾಕ್ಷಿ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಧರ್ಮಸಭೆ ಪವಿತ್ರವಾಗಿದ್ದರೂ ಸದಾ ಶುದ್ಧೀಕರಣದ ಅಗತ್ಯವುಳ್ಳದ್ದು ಎಂದು ಬೋಧಿಸಿತು. ಅಲ್ಲಿಯವರೆಗೆ ಲ್ಯಾಟಿನ್ ಪೂಜೆಯ ಹೊತ್ತಿನಲ್ಲಿ ಜಪಸರ ಎಣಿಸುತ್ತಿದ್ದ ನಮ್ಮ ಅಜ್ಜಿಯಂದಿರು ಕನ್ನಡದಲ್ಲಿ ಉತ್ತರ ಹೇಳತೊಡಗಿದರು. 1967ರಲ್ಲಿ ನಮ್ಮ ನಗರದಲ್ಲೇ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಯ ಕೇಂದ್ರ ಆರಂಭವಾಯಿತು. ಅದರ ಸ್ಥಾಪಕ ನಿರ್ದೇಶಕರು ಫಾದರ್ ಡಿ. ಎಸ್. ಅಮಲೋರ್‌ಪವದಾಸ್. 1969ರಲ್ಲಿ ಭಾರತದ ಆರಾಧನಾವಿಧಿಗೆ ಹನ್ನೆರಡು ಅಳವಡಿಕೆಗಳನ್ನು ರೋಮ್ ಅನುಮತಿಸಿತು: ಕೈಮುಗಿದು ವಂದಿಸುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಎಣ್ಣೆದೀಪ, ಆರತಿ ಮುಂತಾದವು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತದ ಧರ್ಮಸಭೆಯ ಕುರಿತ ರಾಷ್ಟ್ರೀಯ ವಿಚಾರ ಸಂಕಿರಣ ಬೆಂಗಳೂರಿನಲ್ಲೇ ನಡೆಯಿತು. ಧರ್ಮಾಧ್ಯಕ್ಷರು, ಗುರುಗಳು, ಕನ್ಯಾಸ್ತ್ರೀಯರು, ಶ್ರೀಸಾಮಾನ್ಯರು ಒಟ್ಟಿಗೆ ಕುಳಿತು ಮಾತನಾಡಿದರು. ವಿರೋಧ ಬಾರದೇ ಇರಲಿಲ್ಲ. ಆದರೂ ಹಬ್ಬದ ಪೂಜೆಯಲ್ಲಿ ಹೆಣ್ಣುಮಕ್ಕಳು ಆರತಿ ಎತ್ತುವಾಗ ಅದು ಪರಕೀಯವೆಂದು ಇಂದು ಎಷ್ಟು ಮಂದಿಗೆ ಅನಿಸುತ್ತದೆ?

ಆರತಿ ಬಂದಿತು, ಕನ್ನಡ ಬಂದಿತು. ಹೂಳು ಪೂರ್ತಿ ಹೋಯಿತೇ? ಇಲ್ಲ. ಮೇಲಿನ ಬದಲಾವಣೆ ಒಳಗಿನ ಬದಲಾವಣೆಗೆ ದಾರಿ ಮಾಡಬಲ್ಲದೇ ಹೊರತು ಅದರ ಬದಲಿಗೆ ನಿಲ್ಲಲಾರದು. ಅಸ್ಸಿಸಿಯ ಸಂತ ಫ್ರಾನ್ಸಿಸರಿಗೂ ಇದು ಮೊದಲು ತಿಳಿಯಲಿಲ್ಲ. ಪಾಳುಬಿದ್ದ ಸಂತ ದಮಿಯಾನರ ಗುಡಿಯಲ್ಲಿ ಶಿಲುಬೆಯ ಪ್ರಭು ತಮ್ಮ ಮನೆಯನ್ನು ದುರಸ್ತಿ ಮಾಡೆಂದಾಗ ಅವರು ಕಲ್ಲುಗಾರೆ ಹೊತ್ತು ಗೋಡೆ ಕಟ್ಟಿದರು. ದುರಸ್ತಿಯಾಗಬೇಕಾದದ್ದು ಧರ್ಮಸಭೆಯೆಂದು ಆಮೇಲೆ ಅರಿವಾಯಿತು. ಅವರು ಬೇರೆ ಸಭೆ ಕಟ್ಟಲಿಲ್ಲ, ಧರ್ಮಾಧ್ಯಕ್ಷರನ್ನು ಬೈಯುತ್ತ ತಿರುಗಲಿಲ್ಲ. ಬಡವರಾಗಿ ಬದುಕಿದರು.

ಇನ್ನು ನಮ್ಮ ಯುವಜನರ ಮಾತು. ಕೆಲವರು ಹೊಸ ಪ್ರಾರ್ಥನಾ ಮಂದಿರಗಳತ್ತ ಹೋಗುತ್ತಿದ್ದಾರೆಂದು ತಂದೆತಾಯಿಯರು ಕೊರಗುತ್ತಾರೆ. ಬೈಯುವ ಮೊದಲು ಅವರು ಅಲ್ಲಿ ಕಂಡದ್ದೇನೆಂದು ಕೇಳಿ. ಬಹಳ ಸಲ ಉತ್ತರ ಸರಳ: ಅಲ್ಲಿ ನನ್ನ ಹೆಸರು ಹಿಡಿದು ಕರೆದರು, ನನಗಾಗಿ ಪ್ರಾರ್ಥಿಸಿದರು, ದೇವರವಾಕ್ಯವನ್ನು ಓದಿಸಿದರು. ಇವೆಲ್ಲ ನಮ್ಮ ಭಂಡಾರದಲ್ಲೂ ಇರುವಂಥವೇ. 1970ರ ದಶಕದಲ್ಲಿ ಭಾರತಕ್ಕೆ ಬಂದ ಕ್ಯಾರಿಸ್ಮ್ಯಾಟಿಕ್ ನವೀಕರಣ ಅನೇಕ ಕಥೋಲಿಕರ ಕೈಗೆ ಬೈಬಲ್ ಕೊಟ್ಟಿತು, ಬಾಯಿಗೆ ಸ್ತುತಿಯನ್ನು ಕೊಟ್ಟಿತು. ಅದಕ್ಕಾಗಿ ದೇವರಿಗೆ ವಂದನೆ. ಆದರೆ ಧ್ಯಾನಕೂಟದಲ್ಲಿ ಕಣ್ಣೀರು ಸುರಿಸಿದವನು ಮನೆಗೆ ಬಂದು ಹೆಂಡತಿಯ ಮೇಲೆ ಕೈಮಾಡುವುದನ್ನು ಬಿಟ್ಟನೇ, ಅಣ್ಣತಮ್ಮಂದಿರ ಜಮೀನಿನ ವ್ಯಾಜ್ಯದಲ್ಲಿ ನ್ಯಾಯಕ್ಕೆ ಒಪ್ಪಿದನೇ ಎಂಬುದೇ ಪರೀಕ್ಷೆ. ಪವಿತ್ರಾತ್ಮರ ಫಲವೆಂದು ಸಂತ ಪೌಲರು ಎಣಿಸಿದ್ದು ಪ್ರೀತಿ, ಸಮಾಧಾನ, ಸಹನೆ, ಸಂಯಮಗಳನ್ನು, ಗಟ್ಟಿಯಾದ ಧ್ವನಿಯನ್ನಲ್ಲ.

2021ರಿಂದ 2024ರವರೆಗೆ ನಡೆದ ಸಿನೋಡಿನಲ್ಲಿ ಪೋಪ್ ಫ್ರಾನ್ಸಿಸ್ ಇಡೀ ಧರ್ಮಸಭೆಯನ್ನು ಒಂದು ಸರಳ ಅಭ್ಯಾಸಕ್ಕೆ ಕರೆದರು: ಪರಸ್ಪರ ಕಿವಿಗೊಡುವುದು. ಸಿನೋಡ್ ಎಂದರೆ ಜೊತೆಯಾಗಿ ನಡೆಯುವ ದಾರಿ. ಆ ದಾರಿ ರೋಮಿನಲ್ಲಿ ಮುಗಿಯುವುದಿಲ್ಲ, ನಮ್ಮ ಅಡುಗೆಮನೆಯವರೆಗೂ ಬರಬೇಕು. ರಾತ್ರಿಪಾಳಿ ಮುಗಿಸಿ ಬರುವ ಮಗಳ ಮಾತನ್ನು ಯಾರು ಕೇಳುತ್ತಾರೆ? ಒಂಟಿಯಾಗಿ ಕೂತ ಅಜ್ಜನ ಮಾತನ್ನು?

ಆವಿಲದ ಸಂತ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ನಾಲ್ಕು ಬಗೆಗೆ ಹೋಲಿಸಿದರು: ಬಾವಿಯಿಂದ ಸೇದುವುದು, ರಾಟೆಯಿಂದ ಎತ್ತುವುದು, ಕಾಲುವೆಯಿಂದ ಹಾಯಿಸುವುದು, ಕೊನೆಗೆ ಮಳೆ. ಮಳೆ ನಮ್ಮ ಕೈಯಲ್ಲಿಲ್ಲ. ಕೊಡ ನಮ್ಮ ಕೈಯಲ್ಲಿದೆ. ಆದ್ದರಿಂದ ಈ ವಾರ ಪ್ರತಿ ಮನೆಯೂ ಮೂರು ಕೆಲಸ ಮಾಡಲಿ. ರಾತ್ರಿಯ ಊಟಕ್ಕೆ ಮುನ್ನ ಮೊಬೈಲುಗಳನ್ನು ಪಕ್ಕಕ್ಕಿಟ್ಟು ಶುಭಸಂದೇಶದ ಒಂದು ಭಾಗವನ್ನು ಓದಿರಿ, ಮಕ್ಕಳಿಂದಲೇ ಓದಿಸಿರಿ. ಬಹುಕಾಲ ದೂರವಿಟ್ಟ ಪಾಪನಿವೇದನೆಗೆ ಹೋಗಿರಿ. ಭಾನುವಾರದ ಪೂಜೆಯ ನಂತರ, ನಿಮ್ಮ ಭಾಷೆಯವರಲ್ಲದ, ನಿಮ್ಮ ಬಳಗದವರಲ್ಲದ ಒಂದು ಕುಟುಂಬದ ಹೆಸರು ಕೇಳಿ ಮನೆಗೆ ಕರೆಯಿರಿ, ಕಾಫಿ ಕೊಡಿ.

ಹೂಳು ತೆಗೆಯುವಾಗ ಕೈ ಕೆಸರಾಗುತ್ತದೆ, ವಾಸನೆಯೂ ಏಳುತ್ತದೆ. ಅಂಜಬೇಡಿ. ಒಪ್ಪಿಕೊಂಡ ಪಾಪ ಕ್ಷಮೆಯ ಕೈಯಲ್ಲಿ ಗೊಬ್ಬರವಾಗುತ್ತದೆ. ನಿರಾಕರಿಸಿದ ಪೇತ್ರನೇ ಆಮೇಲೆ ಕುರಿಗಳನ್ನು ಮೇಯಿಸಿದನು. ಸಮಾರ್ಯದ ಬಾವಿಕಟ್ಟೆಯಲ್ಲಿ ಆ ತಾಯಿಗೆ ಜೀವಜಲವನ್ನು ವಾಗ್ದಾನ ಮಾಡಿದ ಯೇಸುಸ್ವಾಮಿ ನಮ್ಮ ಮನೆಗಳನ್ನೂ ನಮ್ಮ ಧರ್ಮಕೇಂದ್ರಗಳನ್ನೂ ತುಂಬಿಸಲಿ. ತುಂಬಿದ್ದು ಕೋಡಿ ಹರಿದು ಪಕ್ಕದ ಊರಿಗೂ ತಲುಪಲಿ. ಆಮೆನ್.