ಹಿಗ್ಗಿಸಿದುದೆಲ್ಲ ಕಂಡದ್ದೇ?

ದೂರದರ್ಶಕದ ಮುಂದಿನ ಮಸೂರವು ಗ್ರಹದ ಬೆಳಕನ್ನು ಕೂಡಿಸಿ ಪುಟ್ಟ ಬಿಂಬವೊಂದನ್ನು ರಚಿಸುತ್ತದೆ. ಕಣ್ಣಿನ ಬಳಿಯ ನೇತ್ರಮಸೂರವು ಆ ಬಿಂಬವನ್ನಷ್ಟೇ ಹಿಗ್ಗಿಸುತ್ತದೆ. ಮುಂದಿನದರ ಸಂಗಮದೂರ 1000 ಮಿಲಿಮೀಟರ್, ನೇತ್ರಮಸೂರದ್ದು 10 ಆದರೆ ವರ್ಧನೆ 100 ಪಟ್ಟು. 5 ಆದರೆ 200. ಆದರೆ ಕೂಡಿಬಂದ ಬೆಳಕು ಅಷ್ಟೇ. ಹಿಗ್ಗಿದಂತೆಲ್ಲ ಬಿಂಬ ಮಂಕಾಗುತ್ತದೆ. ಮುಂದಿನ ಮಸೂರದ ಅಗಲಕ್ಕೆ ಎಟುಕದ ವಿವರವನ್ನು ಯಾವ ನೇತ್ರಮಸೂರವೂ ತಂದುಕೊಡದು.

1610ರಲ್ಲಿ ಶನಿಯನ್ನು ನೋಡಿದ ಗೆಲಿಲಿಯೋ ಅಲ್ಲಿ ಮೂರು ಕಾಯಗಳಿವೆಯೆಂದು ಬಗೆದನು. ಅದು ಬಳೆಯೆಂದು ಹೈಗನ್ಸ್ ವಿವರಿಸಿದ್ದು 1659ರಲ್ಲಿ. ಗೆಲಿಲಿಯೋ ಸುಳ್ಳಾಡಲಿಲ್ಲ, ಉಪಕರಣ ತೋರಿದಷ್ಟನ್ನೇ ನುಡಿದನು. ನಾವಾದರೋ ನೆರೆಯವನ ಒಂದು ಮಾತನ್ನು ಅರೆಬರೆ ಕೇಳಿ, ಅದನ್ನೇ ಮನದಲ್ಲಿ ನೂರ್ಮಡಿಸಿ, ಅವನ ಸ್ವಭಾವವನ್ನೇ ಕಂಡೆವೆನ್ನುತ್ತೇವೆ. ಈ ಲೇಖಕನೂ ಇದಕ್ಕೆ ಹೊರತಲ್ಲ. ನುರಿತ ವೀಕ್ಷಕನು ಬಿಂಬ ಮಂಕಾದೊಡನೆ ಕಡಿಮೆ ವರ್ಧನೆಯ ನೇತ್ರಮಸೂರಕ್ಕೆ ಮರಳುತ್ತಾನೆ. ಆಗ ಶನಿಯ ಬಳೆ ಚಿಕ್ಕದಾಗಿ, ಆದರೆ ಅಂಚು ಕದಡದೆ ಕಾಣುತ್ತದೆ.