ಉಪಾಧಿಯ ಶಂಕೆಯೂ ಚೀಟಿಯ ಉತ್ತರವೂ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಪಾಠವನ್ನು ಕಡ್ಡಾಯಗೊಳಿಸಿದ ಮೇಲೆ, ಲೆಕ್ಕವನ್ನು ಎಂದೋ ಕೈಬಿಟ್ಟಿದ್ದ ಅನೇಕರು ಸಂಖ್ಯಾಶಾಸ್ತ್ರದ ಮುಂದೆ ಮತ್ತೆ ಕುಳಿತುಕೊಳ್ಳಬೇಕಾಯಿತು. ತರಗತಿಯಲ್ಲಿ ಅವರಿಗೆ ಸಿಗುವುದು ಹೆಚ್ಚಾಗಿ ಸೂತ್ರ ಮತ್ತು ಸಾಫ್ಟ್‌ವೇರ್. ಕಂಡ ಕೆಲವನ್ನು ಆಧರಿಸಿ ಕಾಣದ ಹಲವನ್ನು ಕುರಿತು ಮಾತನಾಡುವ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ, ಭಾರತೀಯ ತರ್ಕಶಾಸ್ತ್ರವು ಶತಮಾನಗಳ ಕಾಲ ಬಿಡದೆ ಚರ್ಚಿಸಿದ ಪ್ರಶ್ನೆ ಅಲ್ಲಿ ಅಪರೂಪ.

ಭಾರತೀಯ ದರ್ಶನಕ್ಕೂ ಸಂಖ್ಯಾಶಾಸ್ತ್ರಕ್ಕೂ ಇರುವ ನಂಟನ್ನು ಗುರುತಿಸಿದವರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಪ್ರಮುಖರು. ಯಾವ ಹೇಳಿಕೆಯೂ ಒಂದು ದೃಷ್ಟಿಯಿಂದ ಮಾತ್ರ ಸತ್ಯವೆನ್ನುವ ಜೈನರ ಸ್ಯಾದ್ವಾದದಲ್ಲಿ ಅವರು 1954ರ ಲೇಖನವೊಂದರಲ್ಲಿ ಸಂಭವನೀಯತೆಯ ತಾತ್ತ್ವಿಕ ಹಿನ್ನೆಲೆಯನ್ನು ಕಂಡರು, 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅದೇ ವಿಷಯವನ್ನು ಎತ್ತಿಕೊಂಡರು. ಶ್ರವಣಬೆಳಗೊಳದ ನೆರಳಿನಲ್ಲಿ ಬೆಳೆದ ಕನ್ನಡಿಗರಿಗೆ ಈ ಹೋಲಿಕೆ ಹಿತವೆನಿಸಿದರೂ ಅದು ಸಡಿಲವಾದದ್ದೇ, ಏಕೆಂದರೆ ಸ್ಯಾದ್ವಾದವು ದೃಷ್ಟಿಭೇದವನ್ನು ಹೇಳುತ್ತದೆಯೇ ಹೊರತು ಅನಿಶ್ಚಯವನ್ನು ಅಳೆಯುವುದಿಲ್ಲ. ವಿದ್ಯಾರ್ಥಿಗೆ ಹೆಚ್ಚು ಒದಗಿಬರುವುದು ನ್ಯಾಯದರ್ಶನದ ಉಪಾಧಿವಿಚಾರ.

ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬಂಥ ನಿಯತ ಸಂಬಂಧವನ್ನು ನೈಯಾಯಿಕರು ವ್ಯಾಪ್ತಿ ಎನ್ನುತ್ತಾರೆ. ಅದನ್ನೇ ತಿರುಗಿಸಿ ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂದರೆ, ಕೆಂಪಗೆ ಕಾದ ಕಬ್ಬಿಣದ ಗುಂಡಿನ ಮುಂದೆ ಆ ಮಾತು ನಿಲ್ಲದು. ಹೊಗೆಗೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿದ್ದುಕೊಂಡು ಸಂಬಂಧವನ್ನು ನಡೆಸುವ ನಿಬಂಧನೆಯೇ ಉಪಾಧಿ. ಗೊತ್ತಾದದ್ದು ನಿಶ್ಚಿತ ಉಪಾಧಿ, ಇರಬಹುದೆಂಬ ಗುಮಾನಿ ಮಾತ್ರ ಇರುವುದು ಶಂಕಿತ ಉಪಾಧಿ. ಈ ಎರಡನೆಯದನ್ನು ಪೂರ್ತಿಯಾಗಿ ನಿವಾರಿಸಲಾಗದು, ಆದ್ದರಿಂದ ಅನುಮಾನವು, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು, ಪ್ರಮಾಣವೇ ಅಲ್ಲ ಎಂಬುದು ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕರ ಪಟ್ಟು.

ಚೆನ್ನೈನ ಪೆರಂಬೂರಿನ ರೈಲ್ವೆ ಆಸ್ಪತ್ರೆಯ ದಾಖಲೆಗಳನ್ನು ಹಿಡಿದು ಇಡೀ ನಗರದ ಹೃದ್ರೋಗವನ್ನು ಕುರಿತು ಪ್ರಬಂಧ ಬರೆಯಹೊರಟ ವಿದ್ಯಾರ್ಥಿಯನ್ನು ಊಹಿಸಿಕೊಂಡರೆ ಉಪಾಧಿಯ ಈ ತೊಡಕು ಸ್ಪಷ್ಟವಾಗುತ್ತದೆ. ಅಲ್ಲಿಗೆ ಬರುವವರು ಹೆಚ್ಚಾಗಿ ರೈಲ್ವೆ ನೌಕರರು, ನಿವೃತ್ತರು, ಅವರ ಕುಟುಂಬದವರು. ತಿಂಗಳ ಸಂಬಳ ಅಥವಾ ಪಿಂಚಣಿ, ಕೈಗೆಟಕುವ ಚಿಕಿತ್ಸೆ ಇವೆಲ್ಲ ಇಲ್ಲಿ ಹಸಿ ಸೌದೆಗಳು. ಕಂಪ್ಯೂಟರ್ ಕೊಡುವ ಪಿ ಮೌಲ್ಯ, ಎಂದರೆ ನಿಜವಾಗಿ ವ್ಯತ್ಯಾಸವೇ ಇಲ್ಲವೆಂದು ಇಟ್ಟುಕೊಂಡರೂ ಕಂಡಷ್ಟು ಅಥವಾ ಅದಕ್ಕೂ ಮೀರಿದ ವ್ಯತ್ಯಾಸ ಆಕಸ್ಮಿಕವಾಗಿ ತೋರಬಹುದಾದ ಸಂಭವನೀಯತೆ, 0.05ಕ್ಕಿಂತ ಎಷ್ಟೇ ಕೆಳಗಿಳಿದರೂ ಈ ಉಪಾಧಿಗಳ ಬಗ್ಗೆ ಚಕಾರವೆತ್ತದು. ಆ ಗೆರೆಯನ್ನು ದಾಟುವುದೇ ಸಂಶೋಧನೆ ಎಂಬ ಭ್ರಮೆಯ ವಿರುದ್ಧ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಬೇಕಾಯಿತು.

ಶಂಕಿತ ಉಪಾಧಿಗೆ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಕಂಡುಕೊಂಡ ಉಪಾಯ ಚೀಟಿ ಎತ್ತುವುದು: ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಆಕಸ್ಮಿಕಕ್ಕೆ ಬಿಟ್ಟರೆ, ಹೆಸರೇ ಗೊತ್ತಿಲ್ಲದ ಉಪಾಧಿಗಳೂ ಸರಾಸರಿಯಲ್ಲಿ ಎರಡೂ ಗುಂಪುಗಳಿಗೆ ಹಂಚಿಹೋಗುತ್ತವೆ. ಇದರ ದೊಡ್ಡ ನಿದರ್ಶನ ಅದೇ ನಗರದಲ್ಲಿ ನಡೆಯಿತು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಸಂಶೋಧನಾ ಕೇಂದ್ರವು 193 ರೋಗಿಗಳನ್ನು ಹೀಗೆಯೇ ವಿಂಗಡಿಸಿ, ಕೆಲವರನ್ನು ಸ್ಯಾನಟೋರಿಯಮ್ಮಿಗೆ ಕಳುಹಿಸಿ, ಉಳಿದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೇ ಇರಿಸಿ, ಎಲ್ಲರಿಗೂ ಒಂದು ವರ್ಷ ಒಂದೇ ಬಗೆಯ ಔಷಧಗಳನ್ನು ಕೊಟ್ಟಿತು. ರೋಗಿಯ ಪಾಲನ್ನು ಚೀಟಿಗೆ ಬಿಡುವುದು ಕ್ರೂರವೆಂದು ತೋರಬಹುದು. ಆದರೆ ಹಾಸಿಗೆಗಳು ರೋಗಿಗಳಿಗಿಂತ ತೀರ ಕಡಿಮೆಯಿದ್ದಾಗ, ಶಿಫಾರಸಿಗಿಂತ ಚೀಟಿಯೇ ನ್ಯಾಯವಾದದ್ದು. ಸ್ಯಾನಟೋರಿಯಮ್ಮಿನ ಒಳ್ಳೆಯ ಊಟ, ವಿಶ್ರಾಂತಿ, ಗಾಳಿಬೆಳಕು ಇಲ್ಲದಿದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಗುಣ ಕಂಡರು.

ಇಲ್ಲಿ ಅದೃಷ್ಟವಾದಿಯ ಆಕ್ಷೇಪವೊಂದು ಉಳಿಯುತ್ತದೆ. ಅದೃಷ್ಟವೆಂದರೆ ಪೂರ್ವಕರ್ಮದಿಂದ ಆತ್ಮದಲ್ಲಿ ಸಂಚಿತವಾದ, ಕಣ್ಣಿಗೆ ಕಾಣದ ಕಾರಣ. ಚೀಟಿ ಬೀಳುವುದೂ ರೋಗ ವಾಸಿಯಾಗುವುದೂ ಒಂದೇ ಅದೃಷ್ಟದಿಂದಾದರೆ, ಚೀಟಿಯು ಉಪಾಧಿಯನ್ನು ತೊಲಗಿಸಿದಂತಾಗಲಿಲ್ಲ. ಇದಕ್ಕೆ ಸಂಖ್ಯಾಶಾಸ್ತ್ರದೊಳಗೆ ಉತ್ತರವಿಲ್ಲ, ಉತ್ತರವಿರುವುದು ಹತ್ತನೆಯ ಶತಮಾನದ ನೈಯಾಯಿಕ ಉದಯನನಲ್ಲಿ. ಶಂಕೆಗೂ ಒಂದು ಎಲ್ಲೆಯಿದೆ, ಶಂಕಿಸುವವನ ನಡತೆಗೇ ಅದು ವಿರುದ್ಧವಾದಲ್ಲಿ ಶಂಕೆ ನಿಲ್ಲಬೇಕು ಎಂಬುದು ಅವನ ‘ನ್ಯಾಯಕುಸುಮಾಂಜಲಿ’ಯ ನಿಲುವು, ಎಲ್ಲವೂ ಅದೃಷ್ಟವೆನ್ನುವವನೂ ಕೆಮ್ಮು ಬಂದಾಗ ಔಷಧವನ್ನೇ ಹುಡುಕುತ್ತಾನೆ. 1959ರಲ್ಲಿ ಮದರಾಸಿನ ಫಲಿತಾಂಶ ಪ್ರಕಟವಾದ ಮೇಲೆ ಕ್ಷಯರೋಗದ ಚಿಕಿತ್ಸೆ ಕ್ರಮೇಣ ಜಗತ್ತಿನಾದ್ಯಂತ ಸ್ಯಾನಟೋರಿಯಮ್ಮಿನಿಂದ ಮನೆಗೆ ಬಂದಿತು.