ಏಣಿಯ ಮೇಲೆ ಯಾರೂ ಇಲ್ಲ

2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್, ಡಾರ್ವಿನ್ನನ ಸಿದ್ಧಾಂತವೇ ತಪ್ಪು, ವಾನರ ಮನುಷ್ಯನಾದದ್ದನ್ನು ಕಂಡೆವೆಂದು ನಮ್ಮ ಪೂರ್ವಜರು ಯಾರೂ ಹೇಳಿಲ್ಲ, ಬರೆದೂ ಇಲ್ಲ ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಆ ಮಾತನ್ನು ಅಲ್ಲಗಳೆದವು. ಸಚಿವರನ್ನು ನೋಡಿ ನಕ್ಕವರಿಗೂ ಕೊರತೆಯಿರಲಿಲ್ಲ. ಆದರೆ ನಕ್ಕವರಲ್ಲಿ ಎಷ್ಟೋ ಮಂದಿಯ ತಲೆಯಲ್ಲಿದ್ದ ಚಿತ್ರ ಸಚಿವರ ತಲೆಯಲ್ಲಿದ್ದದ್ದೇ: ಮಂಗವೊಂದು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಲ ಕಳೆದುಕೊಂಡು, ಕೊನೆಗೆ ಮನುಷ್ಯನಾಯಿತು. ಅವರು ಅದನ್ನು ನಂಬಲಿಲ್ಲ, ಇವರು ನಂಬಿದರು. ವ್ಯತ್ಯಾಸ ಅಷ್ಟೇ. ನನಗೆ ಹೆಚ್ಚು ಚಿಂತೆ ಹಚ್ಚುವುದು ನಂಬಿದವರು.

ಮಂಗನಿಂದ ಮಾನವ ಆಗಿದ್ದರೆ ಈಗಲೂ ಮಂಗಗಳು ಏಕಿವೆ ಎಂಬ ಪ್ರಶ್ನೆಗೆ ಉತ್ತರ ಸುಲಭ. ನಮ್ಮ ತೋಟಕ್ಕೆ ನುಗ್ಗುವ ಕೋತಿಯಿಂದ ಯಾರೂ ಮನುಷ್ಯರಾಗಿಲ್ಲ. ಅದರ ವಂಶವೂ ನಮ್ಮ ವಂಶವೂ ಒಂದೇ ಮೂಲದಿಂದ ಕವಲೊಡೆದು ಎರಡೂವರೆ ಕೋಟಿ ವರ್ಷಗಳಾದರೂ ಆಗಿವೆ. ಚಿಂಪಾಂಜಿಯ ಕವಲು ನಮ್ಮಿಂದ ಬೇರೆಯಾಗಿ ಸುಮಾರು 60-70 ಲಕ್ಷ ವರ್ಷ. ಇವೆಲ್ಲ ನಮ್ಮ ದಾಯಾದಿಗಳು, ಅಜ್ಜ-ಮುತ್ತಜ್ಜರಲ್ಲ. ದೊಡ್ಡಪ್ಪನ ಮಕ್ಕಳು ಇನ್ನೂ ಬದುಕಿರುವಾಗ ನೀನು ಹುಟ್ಟಿದ್ದು ಹೇಗೆ ಎಂದು ಯಾರಾದರೂ ಕೇಳುತ್ತಾರೆಯೇ?

ಇಷ್ಟನ್ನು ಒಪ್ಪಿಕೊಂಡವರೂ ಮುಂದಿನ ಹೆಜ್ಜೆಯಲ್ಲಿ ಜಾರುತ್ತಾರೆ. ನಾವು ಮುಂದೆ ಬಂದೆವು, ಅವು ಅಲ್ಲೇ ಉಳಿದವು ಎನ್ನುತ್ತಾರೆ. ಆ ಎರಡೂವರೆ ಕೋಟಿ ವರ್ಷ ಕೋತಿಗೂ ಅಷ್ಟೇ ಉದ್ದವಾಗಿತ್ತಲ್ಲ! ಸಿಕ್ಕಿದ್ದನ್ನು ಅವಸರದಲ್ಲಿ ತುಂಬಿಕೊಂಡು ಓಡಲು ಅದಕ್ಕೆ ಕೆನ್ನೆಚೀಲಗಳಿವೆ. ಕಪ್ಪು ಮುಖದ ಮುಸುವನ ಹೊಟ್ಟೆ ಹಲವು ಕೋಣೆಗಳದ್ದು. ಒಳಗಿನ ಬ್ಯಾಕ್ಟೀರಿಯಾಗಳು ಬಲಿತ ಎಲೆಯನ್ನೂ ಹುದುಗಿಸಿ ಆಹಾರ ಮಾಡಿಕೊಡುತ್ತವೆ. ಆ ಎಲೆ ತಿಂದು ಬದುಕುವುದು ನಮ್ಮಿಂದಾಗದು. ಯಾರು ಮುಂದೆ, ಯಾರು ಹಿಂದೆ? ಪ್ರಶ್ನೆಗೇ ಅರ್ಥವಿಲ್ಲ.

ಈ ತಪ್ಪನ್ನು ಮನಸ್ಸಿನಲ್ಲಿ ಗಟ್ಟಿಮಾಡಿದ್ದು ಒಂದು ಚಿತ್ರ. 1965ರಲ್ಲಿ ಟೈಮ್-ಲೈಫ್ ಪ್ರಕಟಿಸಿದ 'ಅರ್ಲಿ ಮ್ಯಾನ್' ಪುಸ್ತಕಕ್ಕೆ ರುಡಾಲ್ಫ್ ಜಾಲಿಂಗರ್ ಬರೆದದ್ದು. ಬಾಗಿದ ವಾನರದಿಂದ ಶುರುವಾಗಿ ನೆಟ್ಟಗೆ ನಡೆಯುವ ಗಂಡಸಿನವರೆಗೆ ಒಂದೇ ಸಾಲು. (ಹೆಂಗಸರು ಆ ಸಾಲಿನಲ್ಲಿ ಇಲ್ಲವೇ ಇಲ್ಲ.) ವಿಕಾಸವೆಂದರೆ ನೇರ ಸಾಲು ಎಂದು ಹೇಳುವುದು ಪುಸ್ತಕದ ಲೇಖಕರ ಉದ್ದೇಶವಾಗಿರಲಿಲ್ಲ. ಆದರೂ ಜನಕ್ಕೆ ಉಳಿದದ್ದು ಚಿತ್ರವೇ.

ಎಲುಬುಗಳು ಹೇಳುವುದೇ ಬೇರೆ. ನಿಯಾಂಡರ್ತಾಲ್ ಮಾನವರ ಮೆದುಳು ನಮ್ಮದಕ್ಕಿಂತ ಚಿಕ್ಕದಾಗಿರಲಿಲ್ಲ. ಆದರೂ ಅವರು ಅಳಿದರು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಮೂರೂವರೆ ಅಡಿ ಎತ್ತರದ, ಚಿಂಪಾಂಜಿಯಷ್ಟೇ ಮೆದುಳಿನ ಮಾನವರು ಸುಮಾರು 60 ಸಾವಿರ ವರ್ಷಗಳ ಹಿಂದಿನವರೆಗೂ ಬದುಕಿದ್ದರು. ಹಲವು ಬಗೆಯ ಮಾನವರು ಒಂದೇ ಕಾಲದಲ್ಲಿ ಇದ್ದರು, ಕೂಡಿಯೂ ಇದ್ದರು: ಆಫ್ರಿಕಾದ ಹೊರಗಿನ ಜನರ, ಎಂದರೆ ನಮ್ಮೆಲ್ಲರ, ಡಿಎನ್‌ಎಯಲ್ಲಿ ಶೇಕಡಾ ಒಂದೆರಡರಷ್ಟು ನಿಯಾಂಡರ್ತಾಲರದು. ಅದನ್ನು ಓದುವ ದಾರಿ ತೋರಿಸಿದ ಸ್ವಾಂಟೆ ಪಾಬೊಗೆ 2022ರ ನೊಬೆಲ್ ಬಂತು.

ಏಣಿಯ ಕಲ್ಪನೆಯನ್ನು ನಾವು ಬಿಡದಿರುವುದಕ್ಕೆ ಕಾರಣ ಅಜ್ಞಾನವಲ್ಲ, ಅಹಂಕಾರ. ದೇವರು ನಮ್ಮನ್ನು ತುದಿಯಲ್ಲಿ ಕೂರಿಸಿದ ಎಂಬುದನ್ನು ಬಿಟ್ಟವರೂ ವಿಕಾಸವೇ ಕೂರಿಸಿತು ಎಂದುಕೊಂಡರು. ಕುರ್ಚಿ ಮಾತ್ರ ಹೋಗಲಿಲ್ಲ. ಮತ್ತು ಏಣಿಯಿದೆ ಎಂದಮೇಲೆ ಅದರ ಕೆಳಗಿನ ಮೆಟ್ಟಿಲಿಗೆ ಮನುಷ್ಯರನ್ನೂ ತಳ್ಳಬಹುದು. 1906ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ, ಕಾಂಗೋದ ಓಟಾ ಬೆಂಗಾ ಎಂಬ ಯುವಕನನ್ನು ಕಪಿಗಳ ಮನೆಯಲ್ಲಿ ಒರಾಂಗುಟಾನ್ ಜೊತೆ ಪ್ರದರ್ಶನಕ್ಕಿಟ್ಟಿತು. ಕಪ್ಪು ವರ್ಣೀಯ ಪಾದ್ರಿಗಳು ಸಿಡಿದೆದ್ದ ಮೇಲೆ ಅಲ್ಲಿಂದ ಬಿಡಿಸಿದ್ದಾಯಿತು. 1916ರಲ್ಲಿ ಅವನು ಗುಂಡು ಹಾರಿಸಿಕೊಂಡು ಸತ್ತ.

ಚಿಂಪಾಂಜಿಗೆ ಗೊರಿಲ್ಲಾಗಿಂತ ನಾವೇ ಹತ್ತಿರದ ನೆಂಟರು. ವಾನರರೆಲ್ಲ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದಕ್ಕೆ ಇದೊಂದೇ ಸಂಗತಿ ಅವಕಾಶ ಕೊಡುವುದಿಲ್ಲ. ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಮನವಿ: ತರಗತಿಯ ಗೋಡೆಯ ಮೇಲೆ ಆ ಸಾಲುಚಿತ್ರವಿದ್ದರೆ ತೆಗೆದುಬಿಡಿ. ಬೋರ್ಡಿನ ಮೇಲೆ ಕವಲು ಕವಲಾದ ಗಿಡವೊಂದನ್ನು ಬರೆಯಿರಿ. ಚಿಂಪಾಂಜಿಯನ್ನು ನಮ್ಮ ಪಕ್ಕದ ಕವಲಿನಲ್ಲಿಡಿ, ಕೋತಿಯನ್ನು ಬುಡಕ್ಕೆ ಹತ್ತಿರ ಒಡೆದ ಕವಲಿನಲ್ಲಿಡಿ, ಆದರೆ ಅದರ ತುದಿಯನ್ನು ನಮ್ಮಷ್ಟೇ ಎತ್ತರಕ್ಕೆ ಎಳೆಯಿರಿ.